ಜೀನ್ ರಿಪೋರ್ಟ್ ನೋಡಿ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಕೈ ಹಿಡಿಯುತ್ತೋ ಇಲ್ಲವೋ ಹೇಳೋಕಾಗುತ್ತಾ?

ಮುಳಗುಂದ ನಾಕಾ, ಗದಗ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 31 ವರ್ಷ, ಬೆಟಗೇರಿಯಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ನಡೆಸುತ್ತಾನೆ. ದೀಪಾವಳಿ ಹೊತ್ತಿಗೆ ಜ್ವರ ಬಂದದ್ದು ಬಿಡಲೇ ಇಲ್ಲ, ವಸಡಿನಲ್ಲಿ ರಕ್ತ ಬೇರೆ. ಹುಬ್ಬಳ್ಳಿಯಲ್ಲಿ ರಕ್ತ ಪರೀಕ್ಷೆ ಮಾಡಿ ಎಎಂಎಲ್ (ಒಂದು ಬಗೆಯ ರಕ್ತದ ಕ್ಯಾನ್ಸರ್, ಲ್ಯುಕೀಮಿಯಾ) ಇರಬಹುದು ಅಂದರು, ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಮೊದಲ ಕೀಮೋ ಜೊತೆ ಮಿಡೋಸ್ಟಾರಿನ್ ಅಂತ ಮಾತ್ರೆ ಕೊಟ್ಟರು. ಈಗ ಎರಡನೇ ಸೈಕಲ್ ಮುಗಿದಿದೆ, ರೆಮಿಷನ್‌ನಲ್ಲಿದ್ದಾನೆ, ಅಂದ್ರೆ ಸೂಕ್ಷ್ಮದರ್ಶಕದಲ್ಲಿ ರೋಗ ಕಾಣುತ್ತಿಲ್ಲ. ಊಟ ಮಾಡುತ್ತಾನೆ, ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಾನೆ, ಪ್ರೆಸ್ಸಿನ ಹುಡುಗರಿಗೆ ಫೋನಿನಲ್ಲೇ ಬೈಯುತ್ತಾನೆ. ಡಾಕ್ಟರು ಟ್ರಾನ್ಸ್‌ಪ್ಲಾಂಟ್ ಮಾತು ಎತ್ತಿದ್ದಾರೆ.

ನನ್ನ ತಲೆ ಕೆಟ್ಟಿರೋದು ಜೀನ್ ರಿಪೋರ್ಟ್‌ನಿಂದ. ಶುರುವಿನಲ್ಲಿ ಮಾಡಿಸಿದ ಎನ್‌ಜಿಎಸ್ ಪ್ಯಾನೆಲ್‌ನಲ್ಲಿ (ಹಲವು ಜೀನ್ ಒಟ್ಟಿಗೆ ನೋಡೋ ಟೆಸ್ಟ್) ಕೆಟ್ಟ ಜೀನ್ ಅಂತ ಮೂರು ಹೆಸರು ಬಂದಿದ್ದವು: ಎನ್‌ಪಿಎಂ1, ಎಫ್‌ಎಲ್‌ಟಿ3-ಐಟಿಡಿ, ಡಿಎನ್‌ಎಂಟಿ3ಎ. ಎರಡನೇ ಕೀಮೋ ಆದಮೇಲೆ ನಮ್ಮ ಹುಬ್ಬಳ್ಳಿ ಮಾವ ಹಟ ಹಿಡಿದು ಅದೇ ಪ್ಯಾನೆಲ್ ಮತ್ತೆ ಮಾಡಿಸಿದರು. ಅದರಲ್ಲಿ ಮೊದಲಿನ ಎರಡು ಇಲ್ಲ. ಆದರೆ ಡಿಎನ್‌ಎಂಟಿ3ಎ 28 ಪರ್ಸೆಂಟ್ ಅಂತ ಇದೆ. ಅಂದ್ರೆ ರೋಗ ಇನ್ನೂ ಕಾಲು ಭಾಗ ಒಳಗೇ ಕೂತಿದೆ ಅಂತಾನಾ? ಅವ್ವನಿಗೆ ಇದನ್ನು ಹೇಳಿಲ್ಲ.

ಇನ್ನೊಂದು. ಈಗ ಆಸ್ಪತ್ರೆಯವರು "ಎನ್‌ಪಿಎಂ1 ಎಂಆರ್‌ಡಿ" ಅಂತ ಬೇರೆ ಟೆಸ್ಟ್ ಬರೆದಿದ್ದಾರೆ. ಪ್ಯಾನೆಲ್‌ನಲ್ಲಿ ಎನ್‌ಪಿಎಂ1 ಇಲ್ಲ ಅಂತ ಬಂದ ಮೇಲೆ ಮತ್ತೆ ಅದಕ್ಕೇ ದುಡ್ಡು ಯಾಕೆ ಹಾಕಬೇಕು? ಮಾವ ಹೇಳೋದು, ಈಗೆಲ್ಲ ಜೀನ್ ನೋಡಿ ಟ್ರಾನ್ಸ್‌ಪ್ಲಾಂಟ್ ಆದಮೇಲೆ ಬದುಕುತ್ತಾನೋ ಇಲ್ಲವೋ ಮೊದಲೇ ಹೇಳುತ್ತಾರಂತೆ, ಅಮೆರಿಕಕ್ಕೆ ಸ್ಯಾಂಪಲ್ ಕಳಿಸೋಣ ಅಂತ. ನಿಜಾನಾ?

ದಾನಿ ವಿಷಯ: ಅಕ್ಕ ಫುಲ್ ಮ್ಯಾಚ್, ನಾನು ಹಾಫ್ ಮ್ಯಾಚ್. ಅಕ್ಕನಿಗೆ ಇಬ್ಬರು ಮಕ್ಕಳು, ಹೆರಿಗೆಯಾದ ಹೆಣ್ಣುಮಕ್ಕಳು ಕೊಡಬಾರದು ಅಂತ ಯಾರೋ ಹೇಳಿ ಅವಳ ಮನೆಯಲ್ಲಿ ಗಲಾಟೆ ಎಬ್ಬಿಸಿದ್ದಾರೆ. ಅಪ್ಪ-ಅವ್ವನದು ಸೋದರಮಾವ-ಸೊಸೆ ಸಂಬಂಧ, ಅದಕ್ಕೂ ಈ ರೋಗಕ್ಕೂ ಏನಾದರೂ ಇದೆಯಾ ಅನ್ನೋದೂ ತಲೆಯಲ್ಲಿ ಓಡುತ್ತಿದೆ. ಗೊತ್ತಿದ್ದವರು ಹೇಳಿ.

ಪೈಪೆಟ್ ರಾಯ, ಧಾರವಾಡ (ಸದ್ಯ ಬೆಂಗಳೂರು)

ಅಣ್ಣಾ, ಮೊದಲು ಆ 28 ಪರ್ಸೆಂಟ್ ಭಯ ಬಿಡಿ. ನಾನು ಡಾಕ್ಟರ್ ಅಲ್ಲ, ಇಂಥ ರಿಪೋರ್ಟ್ ತಯಾರಾಗೋ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ಟೆಸ್ಟ್ ಏನು ಹೇಳುತ್ತೆ ಅನ್ನೋದಷ್ಟೇ ನನ್ನ ಮಾತು.

28 ಅಂದರೆ ಓದಿದ ಡಿಎನ್‌ಎ ತುಂಡುಗಳಲ್ಲಿ 28 ಪರ್ಸೆಂಟ್‌ನಲ್ಲಿ ಆ ಬದಲಾವಣೆ ಇದೆ ಅಂತ. ಒಂದೊಂದು ಕಣದಲ್ಲಿ ಜೀನಿನ ಎರಡು ಪ್ರತಿ ಇರೋದರಿಂದ, ಲೆಕ್ಕ ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಕಣಗಳಲ್ಲಿ ಅದಿದೆ. ಕೇಳೋಕೆ ಇನ್ನೂ ಹೆದರಿಕೆ ಅನ್ನಿಸುತ್ತೆ, ಅಲ್ವಾ? ಆದರೆ ಅವು ಲ್ಯುಕೀಮಿಯಾ ಕಣಗಳೇ ಆಗಬೇಕಿಲ್ಲ. ಡಿಎನ್‌ಎಂಟಿ3ಎ ಬದಲಾವಣೆ ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು, ರಕ್ತದ ಕಾಂಡಕೋಶದಲ್ಲೇ ಆಗಿರುತ್ತೆ. ಆ ಕೋಶ ಒಳ್ಳೆಯ ರಕ್ತವನ್ನೂ ತಯಾರು ಮಾಡುತ್ತಲೇ ಇರುತ್ತೆ. ವಯಸ್ಸಾದ ಆರೋಗ್ಯವಂತರಲ್ಲೂ ಇದು ಸಿಗುತ್ತೆ. ಅದರ ಮೇಲೆ ಎನ್‌ಪಿಎಂ1, ಆಮೇಲೆ ಎಫ್‌ಎಲ್‌ಟಿ3 ಕೆಟ್ಟಾಗ ಲ್ಯುಕೀಮಿಯಾ ಆಗುತ್ತೆ. ಕೀಮೋ ಮೇಲಿನದನ್ನು ಕೊಂದಿದೆ, ತಳದ್ದು ಉಳಿದಿದೆ. 2018ರಲ್ಲಿ 482 ಎಎಂಎಲ್ ರೋಗಿಗಳ ಮೇಲೆ ಮಾಡಿದ ಅಧ್ಯಯನ ಬಂತು. ರೆಮಿಷನ್‌ನಲ್ಲಿ ಡಿಎನ್‌ಎಂಟಿ3ಎ, ಟಿಇಟಿ2, ಎಎಸ್‌ಎಕ್ಸ್‌ಎಲ್1 ಈ ಮೂರು ಉಳಿದಿದ್ದರೆ ಅದರಿಂದ ರೋಗ ಮರಳೋ ಸಾಧ್ಯತೆ ಹೆಚ್ಚಾಗಲಿಲ್ಲ. ಬೇರೆ ಬದಲಾವಣೆ ಉಳಿದವರಲ್ಲಿ ಮಾತ್ರ ನಾಲ್ಕು ವರ್ಷದಲ್ಲಿ ಸುಮಾರು 55 ಪರ್ಸೆಂಟ್ ಜನಕ್ಕೆ ಮರಳಿತು, ಉಳಿಯದವರಲ್ಲಿ 32. ಹಾಗಾಗಿ ಅವ್ವನಿಗೆ ಹೇಳದೇ ಇದ್ದದ್ದು ಒಳ್ಳೆಯದೇ ಆಯಿತು.

ಈಗ ಎನ್‌ಪಿಎಂ1 ಎಂಆರ್‌ಡಿ. ಎಂಆರ್‌ಡಿ ಅಂದರೆ ಕಣ್ಣಿಗೆ ಕಾಣದಷ್ಟು ಕಮ್ಮಿ ಉಳಿದಿರೋ ರೋಗ. ಸಾಮಾನ್ಯ ಪ್ಯಾನೆಲ್ ನೂರರಲ್ಲಿ ಒಂದೋ ಎರಡೋ ಇದ್ದರೆ ಹಿಡಿಯುತ್ತೆ, ಅದಕ್ಕಿಂತ ಕಮ್ಮಿ ಇದ್ದರೆ "ಇಲ್ಲ" ಅಂತ ಬರೆಯುತ್ತೆ. ಎನ್‌ಪಿಎಂ1ಗೆ ಅಂತಲೇ ಇರೋ ಪಿಸಿಆರ್ ಸುಮಾರು ಲಕ್ಷದಲ್ಲಿ ಒಂದು ಕಣ ಇದ್ದರೂ ತೋರಿಸುತ್ತೆ. ನಮ್ಮ ಕಡೆ ಎರೆ ಹೊಲದಲ್ಲಿ ಕರಿಕೆ ಕಿತ್ತಮೇಲೆ ಮೇಲಿಂದ ನೋಡಿದರೆ ಹೊಲ ಸ್ವಚ್ಛ, ಕೆಳಗೆ ಬೇರು ಉಳಿದಿದೆಯೋ ಇಲ್ಲವೋ ಗೊತ್ತಾಗೋದು ಅಗೆದು ನೋಡಿದಾಗಲೇ. ನಿಮ್ಮ ಮಾವ ಮಾಡಿಸಿದ್ದು ಮೇಲಿಂದ ನೋಡೋ ಟೆಸ್ಟ್, ಆಸ್ಪತ್ರೆಯವರು ಬರೆದದ್ದು ಅಗೆಯೋ ಟೆಸ್ಟ್. ಅದನ್ನು ಬಿಡಬೇಡಿ.

ಯಾಕೆ ಅಂದರೆ ಅದರ ಉತ್ತರದ ಮೇಲೆ ಮುಂದಿನ ದಾರಿಯೇ ಬದಲಾಗಬಹುದು. 2016ರಲ್ಲಿ ಬ್ರಿಟನ್ನಿನವರು ತೋರಿಸಿದ್ದು: ಎರಡನೇ ಕೀಮೋ ಆದಮೇಲೆ ರಕ್ತದಲ್ಲಿ ಎನ್‌ಪಿಎಂ1 ಇನ್ನೂ ಸಿಕ್ಕವರಲ್ಲಿ ಮೂರು ವರ್ಷದೊಳಗೆ 82 ಪರ್ಸೆಂಟ್ ಜನಕ್ಕೆ ರೋಗ ಮರಳಿತು, ಸಿಗದವರಲ್ಲಿ 30. ಆಮೇಲೆ 2024ರಲ್ಲಿ ಅಲ್ಲಿಯದೇ ಎರಡು ಟ್ರಯಲ್‌ಗಳ ಲೆಕ್ಕ ಬಂತು. ಎರಡನೇ ಸೈಕಲ್ ನಂತರ ಪಾಸಿಟಿವ್ ಇದ್ದವರಲ್ಲಿ ಮೊದಲ ರೆಮಿಷನ್‌ನಲ್ಲೇ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡವರು ಮೂರು ವರ್ಷಕ್ಕೆ 61 ಪರ್ಸೆಂಟ್ ಬದುಕಿದ್ದರು, ಮಾಡಿಸದವರು 24. ನೆಗೆಟಿವ್ ಇದ್ದವರಲ್ಲಿ ಮಾಡಿಸಿದರೂ ಬಿಟ್ಟರೂ ಹೆಚ್ಚುಕಮ್ಮಿ ಒಂದೇ. ಎಫ್‌ಎಲ್‌ಟಿ3-ಐಟಿಡಿ ಇದ್ದವರನ್ನು ಬೇರೆ ಮಾಡಿ ನೋಡಿದಾಗಲೂ ನೆಗೆಟಿವ್ ಗುಂಪಿನಲ್ಲಿ ಟ್ರಾನ್ಸ್‌ಪ್ಲಾಂಟ್‌ನಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಇದು ಚೀಟಿ ಎತ್ತಿ ಗುಂಪು ಮಾಡಿದ ಹೋಲಿಕೆ ಅಲ್ಲ, ಎಫ್‌ಎಲ್‌ಟಿ3 ಇದ್ದರೆ ಈಗಲೂ ಎಷ್ಟೋ ಡಾಕ್ಟರುಗಳು ಟ್ರಾನ್ಸ್‌ಪ್ಲಾಂಟ್ ಕಡೆಗೇ ವಾಲುತ್ತಾರೆ. ಆದರೂ ನೀವು ಕೇಳಬೇಕಾದ ಪ್ರಶ್ನೆ ಇದೇ: "ಸರ್, ಎನ್‌ಪಿಎಂ1 ನೆಗೆಟಿವ್ ಬಂದರೆ ಏನು ಮಾಡುತ್ತೀರಿ, ಪಾಸಿಟಿವ್ ಬಂದರೆ ಏನು ಮಾಡುತ್ತೀರಿ?" ಎರಡಕ್ಕೂ ಬೇರೆ ಬೇರೆ ಉತ್ತರ ಬಂದರೆ ಆ ಟೆಸ್ಟಿಗೆ ಬೆಲೆ ಇದೆ.

ಇವೆಲ್ಲ ಗುಂಪಿನ ಸಾಧ್ಯತೆಯ ಲೆಕ್ಕ, ಒಬ್ಬ ಮನುಷ್ಯ ಬದುಕುತ್ತಾನೋ ಇಲ್ಲವೋ ಅಂತ ಜೀನ್ ಮೊದಲೇ ಹೇಳೋದಿಲ್ಲ. ಅದಕ್ಕೆ ಅಂತ ಅಮೆರಿಕಕ್ಕೆ ಕಳಿಸೋದು ಬೇಡವೇ ಬೇಡ.

ಉಣಕಲ್ ಕಟ್ಟೆ, ಹುಬ್ಬಳ್ಳಿ

ರಾಯರೇ, ನೀವು ಲ್ಯಾಬಿನವರು, ಟೆಸ್ಟ್ ಬೇಡ ಅಂತ ಹೇಳ್ತೀರಾ? ನಮ್ಮ ಕಾಕಾಗೆ ಎಂಡಿಎಸ್ (ಮಜ್ಜೆಯಲ್ಲಿ ಸರಿಯಾಗಿ ರಕ್ತ ತಯಾರಾಗದ ರೋಗ) ಆಗಿತ್ತು. ಒಂದು ಆಸ್ಪತ್ರೆಯಲ್ಲಿ ಪ್ಯಾನೆಲ್ ಮಾಡಿಸಿದೆವು, ಇನ್ನೊಂದು ಕಡೆ ಹೋದರೆ ಅದು ನಡೆಯೋದಿಲ್ಲ ಅಂತ ಮತ್ತೆ ಮಾಡಿಸಿದರು, ಎರಡರಲ್ಲೂ ಅದೇ ಟಿಪಿ53. ಆಮೇಲೆ "ಇದು ಕೆಟ್ಟ ಜೀನ್, ಟ್ರಾನ್ಸ್‌ಪ್ಲಾಂಟ್ ಮಾಡಿದರೂ ಭರವಸೆ ಕಮ್ಮಿ" ಅಂದರು. ಎರಡು ಸಲ ದುಡ್ಡು ಕೊಟ್ಟು ಕೇಳಿಸಿಕೊಂಡದ್ದು ಇಷ್ಟೇ. ಕಾಕಾ ಹೊಲ ಮಾರೋ ಮಾತಾಡುತ್ತಿದ್ದರು, ಕೊನೆಗೆ ಅವರೇ ಬೇಡ ಅಂದರು. ಜೀನ್ ನೋಡಿ ಏನು ಉದ್ಧಾರ ಆಯಿತು? ಹಣೆಬರಹ ಓದೋಕೆ ದುಡ್ಡು ಕೊಟ್ಟ ಹಾಗಾಯಿತು.

ಪೈಪೆಟ್ ರಾಯ, ಧಾರವಾಡ (ಸದ್ಯ ಬೆಂಗಳೂರು)

ನಿಮ್ಮ ಸಿಟ್ಟು ಸರಿಯೇ ಇದೆ. ಅದೇ ಟೆಸ್ಟನ್ನು ಎರಡು ಸಲ ಮಾಡಿಸೋಕೆ ಕಾರಣ ಇರಲಿಲ್ಲ, ಹಳೇ ರಿಪೋರ್ಟ್ ಸಾಕಿತ್ತು. ಆದರೆ ಕಾಕಾ ಅವರ ಟಿಪಿ53 ವಿಷಯದಲ್ಲಿ ಒಂದು ಮಾತು ಹೇಳಲೇಬೇಕು.

ಎಂಡಿಎಸ್‌ಗೆ ಟ್ರಾನ್ಸ್‌ಪ್ಲಾಂಟ್ ಆದ 1514 ಜನರ ಜೀನ್ ನೋಡಿದ ಅಧ್ಯಯನ 2017ರಲ್ಲಿ ಬಂತು. ಸುಮಾರು ಐವರಲ್ಲಿ ಒಬ್ಬರಿಗೆ ಟಿಪಿ53 ಕೆಟ್ಟಿತ್ತು, ಅವರು ಬೇಗ ತೀರಿಕೊಂಡರು. ಅದರೊಳಗೇ ಇನ್ನೊಂದು ಸಂಗತಿ ಇತ್ತು. ಟ್ರಾನ್ಸ್‌ಪ್ಲಾಂಟ್‌ಗೆ ಮೊದಲು ಕೊಡೋ ಕಂಡೀಷನಿಂಗ್ ಕೀಮೋ ಜೋರಾಗಿ ಕೊಟ್ಟರೂ ಹಗುರಾಗಿ ಕೊಟ್ಟರೂ ಟಿಪಿ53ನವರ ಗತಿ ಒಂದೇ. ಆದರೆ ರಾಸ್ ಗುಂಪಿನ ಜೀನ್ ಕೆಟ್ಟವರಲ್ಲಿ ಹಾಗಲ್ಲ. ಹಗುರ ಕಂಡೀಷನಿಂಗ್ ಆದವರಿಗೆ ಮಾತ್ರ ಆ ಜೀನ್ ಮುಳುವಾಯಿತು, ಜೋರಾಗಿ ಕೊಟ್ಟವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅಂದ್ರೆ ಒಂದು ಜೀನ್ "ಕೀಮೋ ಜೋರು ಮಾಡಿದರೆ ಉಪಯೋಗ ಇದೆ" ಅನ್ನುತ್ತೆ, ಇನ್ನೊಂದು "ಸುಮ್ನೆ ಮೈ ದಣಿಸಬೇಡಿ" ಅನ್ನುತ್ತೆ. ವಯಸ್ಸಾದ ಮನುಷ್ಯನಿಗೆ ಹೊಲ ಮಾರಿ ಜೋರು ಕೀಮೋ ತಗೊಳ್ಳಬೇಕಾ ಬೇಡವಾ ಅನ್ನೋ ಹೊತ್ತಿನಲ್ಲಿ ಇದು ಹಣೆಬರಹ ಓದಿದ ಹಾಗಲ್ಲ. ನಿಮ್ಮ ಕಾಕಾ ಬೇಡ ಅಂದದ್ದು ಗೊತ್ತಿದ್ದು ಅಂದದ್ದು, ಅದಕ್ಕೆ ಆ ರಿಪೋರ್ಟ್ ಕಾರಣ.

ಮುಳಗುಂದ ನಾಕಾ ಅಣ್ಣನ ತಮ್ಮನಿಗೂ ಈ ಮಾತು ಅನ್ವಯಿಸುತ್ತೆ. ಟ್ರಾನ್ಸ್‌ಪ್ಲಾಂಟ್ ಅಂತಲೇ ಆದರೆ, ಅದರ ಹಿಂದಿನ ವಾರಗಳಲ್ಲಿ ಎನ್‌ಪಿಎಂ1, ಎಫ್‌ಎಲ್‌ಟಿ3-ಐಟಿಡಿ ಎರಡನ್ನೂ ಸೂಕ್ಷ್ಮ ವಿಧಾನದಲ್ಲಿ ಇನ್ನೊಮ್ಮೆ ನೋಡುತ್ತಾರೆ. ಅಮೆರಿಕದಲ್ಲಿ ಮೊದಲ ರೆಮಿಷನ್‌ನಲ್ಲಿ ಟ್ರಾನ್ಸ್‌ಪ್ಲಾಂಟ್ ಆದ 822 ಜನರ ರಕ್ತವನ್ನು ಹೀಗೆ ನೋಡಿ 2023ರಲ್ಲಿ ಪ್ರಕಟಿಸಿದರು. ಮೊದಲ ಗುಂಪಿನಲ್ಲಿ ಕಂಡದ್ದು ನಿಜವಾ ಅಂತ ನೋಡೋಕೆ ಇಟ್ಟ ಎರಡನೇ ಗುಂಪಿನಲ್ಲಿ ಈ ಎರಡರಲ್ಲಿ ಒಂದಾದರೂ ಉಳಿದಿದ್ದವರಿಗೆ ಮೂರು ವರ್ಷದಲ್ಲಿ ಸುಮಾರು 68 ಪರ್ಸೆಂಟ್ ರೋಗ ಮರಳಿತು, ಉಳಿಯದವರಿಗೆ 21. ಗಮನಿಸಿ, ಎಲ್ಲರೂ ಸೂಕ್ಷ್ಮದರ್ಶಕದಲ್ಲಿ ರೆಮಿಷನ್ ಆದವರೇ! ಶುರುವಿನಲ್ಲಿ ಯಾವ ಜೀನ್ ಕೆಟ್ಟಿತ್ತು ಅನ್ನೋದಕ್ಕಿಂತ, ಟ್ರಾನ್ಸ್‌ಪ್ಲಾಂಟ್ ದಿನದ ಹೊತ್ತಿಗೆ ಒಳಗೆ ಏನು ಉಳಿದಿದೆ ಅನ್ನೋದೇ ನನ್ನ ಪ್ರಕಾರ ದೊಡ್ಡ ಮಾತು. ಟಿಪಿ53 ಥರದವು ಬಿಟ್ಟು.

ಉಳಿದಿದ್ದರೆ ಎಲ್ಲ ಮುಗಿಯಿತು ಅಂತಲ್ಲ. 31 ವಯಸ್ಸಿಗೆ ಮೈ ತಡೆದರೆ ಕಂಡೀಷನಿಂಗ್ ಜೋರಾಗಿ ಕೊಡುತ್ತಾರೆ. ಟ್ರಾನ್ಸ್‌ಪ್ಲಾಂಟ್ ಆದಮೇಲೂ ಎಫ್‌ಎಲ್‌ಟಿ3 ತಡೆಯೋ ಮಾತ್ರೆ ಮುಂದುವರಿಸುತ್ತಾರೆ. ಗಿಲ್ಟೆರಿಟಿನಿಬ್ ಮಾತ್ರೆಯ 356 ಜನರ ಟ್ರಯಲ್‌ನಲ್ಲಿ ಒಟ್ಟು ಲೆಕ್ಕ ಗೆಲ್ಲಲಿಲ್ಲ, ಆದರೆ ಟ್ರಾನ್ಸ್‌ಪ್ಲಾಂಟ್ ಹಿಂದು-ಮುಂದು ಎಫ್‌ಎಲ್‌ಟಿ3 ಸ್ವಲ್ಪ ಸಿಕ್ಕವರಿಗೆ ಚೆನ್ನಾಗಿ ಉಪಯೋಗವಾಯಿತು. ಅದು ತುಂಬಾ ದುಬಾರಿ. ನಮ್ಮ ದೇಶದಲ್ಲಿ ಕೈಗೆಟಕೋದು ಸೊರಾಫೆನಿಬ್. ಜರ್ಮನಿ-ಆಸ್ಟ್ರಿಯಾದ ಚಿಕ್ಕ ಟ್ರಯಲ್‌ನಲ್ಲಿ (83 ಜನ, 2020) ಎರಡು ವರ್ಷಕ್ಕೆ ರೋಗ ಮರಳದೆ ಬದುಕಿದವರು ಸೊರಾಫೆನಿಬ್ ಗುಂಪಿನಲ್ಲಿ 85 ಪರ್ಸೆಂಟ್, ಖಾಲಿ ಮಾತ್ರೆ ಗುಂಪಿನಲ್ಲಿ 53. ಇದೇ ಸೊರಾಫೆನಿಬ್‌ಗೆ ತಿಂಗಳಿಗೆ 2.8 ಲಕ್ಷ ಇದ್ದ ಕಾಲದಲ್ಲಿ, 2012ರ ಮಾರ್ಚ್‌ನಲ್ಲಿ ನಮ್ಮ ಪೇಟೆಂಟ್ ಕಚೇರಿ ದೇಶದ ಮೊದಲ ಕಂಪಲ್ಸರಿ ಲೈಸನ್ಸ್ (ಪೇಟೆಂಟ್ ಇದ್ದರೂ ಬೇರೆ ಕಂಪನಿ ತಯಾರಿಸೋಕೆ ಅನುಮತಿ) ಕೊಟ್ಟು 8,800 ರೂಪಾಯಿಗೆ ಇಳಿಸಿತು. ಆಗ ಅದು ಲಿವರ್, ಕಿಡ್ನಿ ಕ್ಯಾನ್ಸರ್ ಔಷಧ ಅಂತ ಸುದ್ದಿಯಾಗಿತ್ತು.

ಏಲಕ್ಕಿ ಮಾಲೆ, ಹಾವೇರಿ

ನಾನು ಟ್ರಾನ್ಸ್‌ಪ್ಲಾಂಟ್ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಈಗ ಊರಲ್ಲಿದ್ದೇನೆ. ದಾನಿ ವಿಷಯ ಯಾರೂ ಮುಟ್ಟಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ತಮ್ಮಾ, ನಿಮ್ಮ ಅಕ್ಕನ ಮನೆಯವರಿಗೆ ಮೊದಲು ಇದನ್ನು ಹೇಳಿ: ಹೆರಿಗೆಯಾದವರು ಕೊಡಬಾರದು ಅನ್ನೋ ಮಾತು ಸುಳ್ಳು. ಅದರ ಹಿಂದೆ ಒಂದು ಎಳೆ ನಿಜ ಇದೆ, ಅಷ್ಟೇ. ಗರ್ಭಿಣಿಯಾದಾಗ ತಾಯಿಯ ರೋಗನಿರೋಧಕ ಕಣಗಳಿಗೆ ಮಗುವಿನ ಗುರುತು ಸಿಕ್ಕಿರುತ್ತೆ, ಗಂಡುಮಗುವಾದರೆ ವೈ ಕ್ರೋಮೋಸೋಮಿನದೂ. ಅಂಥ ಕಣಗಳು ಗಂಡಸಿನ ಮೈಗೆ ಹೋದರೆ ಜಿವಿಎಚ್‌ಡಿ (ದಾನಿಯ ಕಣಗಳು ರೋಗಿಯ ಮೈಮೇಲೇ ತಿರುಗಿ ಬೀಳೋದು), ಅದರಲ್ಲೂ ದೀರ್ಘಕಾಲ ಉಳಿಯೋದು, ಸ್ವಲ್ಪ ಜಾಸ್ತಿ ಆಗುತ್ತೆ. ಅದೇ ಕಣಗಳು ಉಳಿದ ಲ್ಯುಕೀಮಿಯಾವನ್ನೂ ಜಾಸ್ತಿ ಹೊಡೆಯುತ್ತವೆ. ಫುಲ್ ಮ್ಯಾಚ್ ಒಡಹುಟ್ಟಿದ ಅಕ್ಕ ಇರುವಾಗ ಈ ಒಂದು ಕಾರಣಕ್ಕೆ ಬಿಡೋದು ಕಮ್ಮಿ. ಅಕ್ಕನಿಗೆ ಆಗೋದು ಏನು? ಐದು ದಿನದ ಹೊತ್ತು ಚುಚ್ಚುಮದ್ದು, ಮೂಳೆ ನೋವು, ಆಮೇಲೆ ಪ್ಲೇಟ್‌ಲೆಟ್ ಕೊಡೋ ಥರ ಮೆಷಿನ್ ಪಕ್ಕ ಕೆಲವು ಗಂಟೆ. ಬೆನ್ನುಮೂಳೆಗೆ ಕೈ ಹಾಕೋದೇ ಇಲ್ಲ. ಇದನ್ನು ಅವಳ ಅತ್ತೆಗೆ ಯಾರಾದರೂ ಎದುರು ಕೂತು ಹೇಳಿದರೆ ಗಲಾಟೆ ಅರ್ಧ ಇಳಿಯುತ್ತೆ. ವಾರ್ಡಿನಲ್ಲಿ ಇಂಥ ಜಗಳ ಬಹಳ ನೋಡಿದ್ದೇನೆ, ಯಾವಾಗಲೂ ಹೆಣ್ಣುಮಕ್ಕಳ ದಾನಕ್ಕೇ ಯಾಕೆ ಪಂಚಾಯ್ತಿ ಅಂತ ಇವತ್ತಿಗೂ ಸಿಟ್ಟು ಬರುತ್ತೆ.

ಸೋದರಮಾವನ ಸಂಬಂಧ: ಅದರಿಂದಲೇ ನಿಮ್ಮ ತಮ್ಮನಿಗೆ ಎಎಂಎಲ್ ಬಂತು ಅಂತ ಅಪ್ಪ-ಅವ್ವನ ಮೇಲೆ ಹೊರಿಸಬೇಡಿ, ಎನ್‌ಪಿಎಂ1, ಎಫ್‌ಎಲ್‌ಟಿ3 ಎರಡೂ ಹುಟ್ಟಿದ ಮೇಲೆ ರಕ್ತದಲ್ಲಿ ಆದ ಬದಲಾವಣೆ. ದಾನಿ ಹುಡುಕುವಾಗ ಮಾತ್ರ ಆ ಸಂಬಂಧ ಸಹಾಯಕ್ಕೇ ಬರುತ್ತೆ. ದಾನಿ ಹೊಂದುತ್ತಾರಾ ಅಂತ ನೋಡೋ ಎಚ್‌ಎಲ್‌ಎ ಗುರುತು ಅಪ್ಪನಿಂದ ಒಂದು ಅರ್ಧ, ಅವ್ವನಿಂದ ಒಂದು ಅರ್ಧ ಬರುತ್ತೆ. ಒಡಹುಟ್ಟಿದವರು ಪೂರ್ತಿ ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು, ತಂದೆತಾಯಿ ಸಾಮಾನ್ಯವಾಗಿ ಅರ್ಧವೇ. ಆದರೆ ಅಪ್ಪ-ಅವ್ವ ಒಂದೇ ಮನೆತನದವರಾದರೆ ಇಬ್ಬರಲ್ಲೂ ಒಂದೇ ಅರ್ಧ ಇರಬಹುದು. ಆಗ ತಂದೆಯೋ ತಾಯಿಯೋ, ಕೆಲವು ಸಲ ಮಾವನ ಮಕ್ಕಳೋ ಫುಲ್ ಮ್ಯಾಚ್ ಆಗಿಬಿಡುತ್ತಾರೆ. ನಮ್ಮ ಕಡೆಯ ಕುಟುಂಬಗಳಲ್ಲಿ ಅದಕ್ಕೇ ದೊಡ್ಡ ಕುಟುಂಬದ ಎಚ್‌ಎಲ್‌ಎ ನೋಡೋದುಂಟು. ನಿಮಗೆ ಅಕ್ಕ ಇದ್ದಾಳೆ, ಅವಳ ಆರೋಗ್ಯದಲ್ಲಿ ಏನಾದರೂ ಅಡ್ಡಿ ಬಂದರೆ ಮಾತ್ರ ಈ ಮಾತು ನೆನಪಿಡಿ.

ಮನೆತನದಲ್ಲಿ ಮೊದಲೇ ಯಾರಿಗಾದರೂ ಲ್ಯುಕೀಮಿಯಾ, ಎಂಡಿಎಸ್, ಚಿಕ್ಕಂದಿನಿಂದ ಪ್ಲೇಟ್‌ಲೆಟ್ ಕಮ್ಮಿ ಅಂತ ಇತ್ತಾ? ಇದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಡಿಡಿಎಕ್ಸ್41, ರನ್‌ಎಕ್ಸ್1 ಥರದ ಜೀನ್ ಹುಟ್ಟಿನಿಂದಲೇ ಕೆಟ್ಟು ಮನೆಯಲ್ಲಿ ಹರಿದು ಬರಬಹುದು. ಹಾಗಿದ್ದರೆ ದಾನಿಯನ್ನೂ ನೋಡಬೇಕು, ಇಲ್ಲವಾದರೆ ಅದೇ ದೋಷ ಇರೋ ಮಜ್ಜೆ ಹಾಕಿದಂತಾಗುತ್ತೆ. ರೋಗಿಯಲ್ಲಿ ಇದನ್ನು ನೋಡೋಕೆ ಚರ್ಮದ ತುಂಡು ಬೇಕು, ರಕ್ತ, ಎಂಜಲು ಸಾಲದು. ಎಂಜಲಿನಲ್ಲೂ ರಕ್ತದ ಕಣಗಳೇ ತುಂಬಿರುತ್ತವೆ.

ನೀವು ಹಾಫ್ ಮ್ಯಾಚ್ ಅಂದಿರಿ. ಹಾಫ್ ಮ್ಯಾಚ್‌ನಿಂದ ಟ್ರಾನ್ಸ್‌ಪ್ಲಾಂಟ್ ಆಗಿ ರೋಗ ಮರಳಿದವರಲ್ಲಿ ಒಂದು ವಿಚಿತ್ರ ಇದೆ, 2009ರಲ್ಲಿ ಇಟಲಿಯವರು ತೋರಿಸಿದ್ದು. ಕೆಲವರಲ್ಲಿ ಲ್ಯುಕೀಮಿಯಾ ಕಣ ತನ್ನ 6ನೇ ಕ್ರೋಮೋಸೋಮಿನಿಂದ ದಾನಿಗೆ ಹೊಂದದ ಎಚ್‌ಎಲ್‌ಎ ಅರ್ಧವನ್ನೇ ಬಿಟ್ಟುಬಿಡುತ್ತೆ, ದಾನಿಯ ಕಣಗಳಿಗೆ ಅದು ಪರಕೀಯ ಅಂತ ಕಾಣೋದೇ ಇಲ್ಲ. ಅಂಥವರಿಗೆ ಅದೇ ದಾನಿಯ ಲಿಂಫೋಸೈಟ್ (ಒಂದು ಬಗೆಯ ಬಿಳಿಕಣ) ಮತ್ತೆ ಹಾಕಿ ಉಪಯೋಗವಿಲ್ಲ, ಬೇರೆ ಅರ್ಧ ಹೊಂದೋ ದಾನಿ ಹುಡುಕಬೇಕು. ಮೊದಲು ಟೆಸ್ಟ್, ಆಮೇಲೆ ಹಾಕೋದು.

ತುಂಗಭದ್ರೆ ದಂಡೆ, ರಾಣೆಬೆನ್ನೂರು

ಇಲ್ಲಿ ಓದುವ ಎಎಲ್‌ಎಲ್ (ಇನ್ನೊಂದು ಬಗೆಯ ಲ್ಯುಕೀಮಿಯಾ) ಮಕ್ಕಳ ತಂದೆತಾಯಿಗೆ ಒಂದು ಮಾತು: ಮೇಲಿನ ಜೀನ್‌ಗಳ ಲೆಕ್ಕ ನಿಮ್ಮದಲ್ಲ, ಹೆದರಬೇಡಿ. ನನ್ನ ಮಗಳದು ಬಿ-ಎಎಲ್‌ಎಲ್. ಅಲ್ಲಿ ನೋಡೋದು ಫಿಲಡೆಲ್ಫಿಯಾ ಕ್ರೋಮೋಸೋಮ್ (ಬಿಸಿಆರ್-ಎಬಿಎಲ್1), ಐಕೆಝಡ್‌ಎಫ್1 ಜೀನ್ ಅಳಿದಿದೆಯಾ, ಮತ್ತೆ ಫ್ಲೋ ಸೈಟೋಮೆಟ್ರಿಯಲ್ಲಿ (ಕಣಗಳನ್ನು ಒಂದೊಂದಾಗಿ ಗುರುತಿಸೋ ಟೆಸ್ಟ್) ಎಂಆರ್‌ಡಿ. ಫಿಲಡೆಲ್ಫಿಯಾ ಇದ್ದರೆ ಮೊದಲು ಟ್ರಾನ್ಸ್‌ಪ್ಲಾಂಟ್ ಗ್ಯಾರಂಟಿ ಅನ್ನುತ್ತಿದ್ದರಂತೆ, ಇಮ್ಯಾಟಿನಿಬ್ ಥರದ ಮಾತ್ರೆ ಬಂದಮೇಲೆ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಅದು ತಪ್ಪಿದೆ. ನಮ್ಮವಳಿಗೆ ಎಂಆರ್‌ಡಿ ನೆಗೆಟಿವ್ ಬಂತು, ಟ್ರಾನ್ಸ್‌ಪ್ಲಾಂಟ್ ಬೇಡ ಅಂದರು, ಈಗ ಮೆಂಟೆನೆನ್ಸ್ ಮಾತ್ರೆ.

ಮುಳಗುಂದ ನಾಕಾ, ಗದಗ

ಎಲ್ಲರಿಗೂ ದೊಡ್ಡ ನಮಸ್ಕಾರ. ಹಾವೇರಿ ಅಕ್ಕಾ, ನೀವು ಬರೆದದ್ದನ್ನು ಪ್ರಿಂಟ್ ತೆಗೆದು ಭಾವನ ಕೈಗೆ ಕೊಟ್ಟೆ. ಮನೆತನದಲ್ಲಿ ಅಂಥದ್ದು ಯಾರಿಗೂ ಇಲ್ಲ. ರಾಯರೇ, ಕೊನೆಯದೊಂದು. ಎನ್‌ಪಿಎಂ1 ಸ್ಯಾಂಪಲ್ ಹುಬ್ಬಳ್ಳಿಯಲ್ಲೇ ಕೊಟ್ಟು ಕೊರಿಯರ್‌ನಲ್ಲಿ ಕಳಿಸಬಹುದಾ, ಬೆಂಗಳೂರಿಗೇ ಕರೆದುಕೊಂಡು ಹೋಗಬೇಕಾ? ಈಗ ಬಿಳಿಕಣ ಕಮ್ಮಿ ಇದೆ, ರೈಲಿನಲ್ಲಿ ಕೂರಿಸೋಕೆ ಭಯ.

ಪೈಪೆಟ್ ರಾಯ, ಧಾರವಾಡ (ಸದ್ಯ ಬೆಂಗಳೂರು)

ಹುಬ್ಬಳ್ಳಿಯಲ್ಲೇ ಕೊಡಬಹುದು, ಆದರೆ ಮೊದಲು ಬೆಂಗಳೂರಿನ ಡಾಕ್ಟರನ್ನು ಕೇಳಿ ರಕ್ತ ಸಾಕಾ, ಮಜ್ಜೆ ಬೇಕಾ ಅಂತ ತಿಳಿದುಕೊಳ್ಳಿ. ಮಜ್ಜೆ ಆದರೆ ಸೂಜಿ ಹಾಕಿ ಮೊದಲು ಎಳೆದದ್ದನ್ನೇ ಎಂಆರ್‌ಡಿಗೆ ಎತ್ತಿಡಿ ಅಂತ ತೆಗೆಯೋವರಿಗೆ ಹೇಳಿ. ಆಮೇಲೆ ಎಳೆದದ್ದರಲ್ಲಿ ಬರೀ ರಕ್ತ ಬೆರೆತು ಕಣ ತೆಳುವಾಗುತ್ತೆ, ಸುಳ್ಳು ನೆಗೆಟಿವ್ ಬರಬಹುದು. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್. ಈ ಟೆಸ್ಟ್ ಆರ್‌ಎನ್‌ಎ ಮೇಲೆ ನಡೆಯುತ್ತೆ, ಅದು ಬೇಗ ಕೆಡುತ್ತೆ. ಐಸ್ ಪ್ಯಾಕ್ ಜೊತೆ ಇಡಿ, ಫ್ರೀಜರಿಗೆ ಮಾತ್ರ ಹಾಕಬೇಡಿ. ಮರುದಿನ ಬೆಳಿಗ್ಗೆ ಲ್ಯಾಬ್ ಮುಟ್ಟೋ ಹಾಗೆ ಸೋಮವಾರದಿಂದ ಬುಧವಾರದೊಳಗೆ ಕೊಡಿ. ಶನಿವಾರ ಸಂಜೆ ಕೊಟ್ಟರೆ ಭಾನುವಾರ ಪೂರ್ತಿ ಯಾವುದೋ ಗೋಡೌನಿನಲ್ಲಿ ಕೂತಿರುತ್ತೆ. ಮೊದಲ ಸಲ ಎನ್‌ಪಿಎಂ1 ಯಾವ ಟೈಪ್ (ಎ, ಬಿ, ಡಿ) ಅಂತ ರಿಪೋರ್ಟ್‌ನಲ್ಲಿ ಬರೆದಿರುತ್ತೆ, ಅದರ ಕಾಪಿ ಡಬ್ಬಿಯ ಜೊತೆ ಕಳಿಸಿ. ಟೈಪ್ ಗೊತ್ತಿಲ್ಲದೆ ಲ್ಯಾಬಿನವರು ಎ ಅಂದುಕೊಂಡು ಓಡಿಸಿದರೆ, ನಿಮ್ಮ ತಮ್ಮನದು ಬೇರೆ ಟೈಪ್ ಇದ್ದಾಗ ಇದ್ದದ್ದೂ ಇಲ್ಲ ಅಂತ ಬಂದುಬಿಡುತ್ತೆ.